ಹಾಜರಿಪಟದ ಸುಗಂಧಾ

ಉದಗೀರ
೧೪ ಜೂನ್ ೧೯೮೫

ತಾಯಿಯ ಸ್ಥಾನದಲ್ಲಿರುವ ಕಾಂತಾಬಾಯಿ ಅಕ್ಕನಿಗೆ ತಮ್ಮ ವೀರಭದ್ರನ ಶರಣು.

ಇಲ್ಲಿ ನಾನು, ಲಲಿತಾ ಇಬ್ಬರೂ ನೆಟ್ಟಗಿದ್ದೇವೆ. ಮಳೆಯೊಂದೇ ನೆಟ್ಟಗಿಲ್ಲ. ಭೀಮಶಾ ಕಾಕಾ ಈ ಕಾಗದವನ್ನು ನಿನಗೆ ಓದಿ ಹೇಳುವಾಗ ನಡುನಡುವೆ ತನ್ನ ಟಪಾಲು ಖಾತೆಯ ಕಥೆಗಳನ್ನು ಸೇರಿಸದಿರಲಿ, ನಾನು ಬರೆದಷ್ಟೇ ಓದಲಿ.

ಸುದ್ದಿ ಏನೆಂದರೆ ನಿನ್ನ ತಮ್ಮ ಮಾಸ್ತರನಾದ. ಅಡತಿ ಬಜಾರಿನ ಮನ್ಮಥಪ್ಪ ಶೇಟರು ಒಂದು ಶಿಕ್ಷಣ ಸಂಸ್ಥೆ ತೆರೆದಿದ್ದಾರೆ. ಅದರಲ್ಲಿ ಐದನೆಯ ಇಯತ್ತೆಯ ಕನ್ನಡ ತುಕಡಿ ನನ್ನದು. ಬರುವ ವರ್ಷ ಆರನೆಯದು, ಅದರ ಮುಂದಿನ ವರ್ಷ ಏಳನೆಯದು, ಹುಡುಗರ ಜೊತೆ ನಾನೂ ಮೇಲೆ ಹತ್ತುತ್ತೇನೆ. ಶಾಲೆ ಇರುವುದು ಶೇಟರ ಗೋದಾಮಿನಲ್ಲಿ. ಬರದಿಂದ ಹೋದ ವರ್ಷ ತೊಗರಿ ಬರಲಿಲ್ಲ, ಗೋದಾಮು ಖಾಲಿ ಬಿದ್ದಿತ್ತು. ಕೆಲಸ ಕೇಳಲು ಹೋದ ದಿನ ಶೇಟರು ನನಗೆ ಹೇಳಿದ್ದು ಇಷ್ಟೇ: "ಮಾಸ್ತರ, ಖಾಲಿ ಗೋದಾಮಿಗಿ ಇಲಿ ಸೈತ ಬರಂಗಿಲ್ಲ. ತೊಗರಿ ಇಲ್ಲಂದ್ರ ಪೋರಗೋಳ್ನ ತುಂಬ್ರಿ." ಗೋಡೆಗೆ ಸುಣ್ಣ ಬಳಿದಿದ್ದೇವೆ, ಆದರೂ ಹುಡುಗರು ಕುಳಿತಲ್ಲಿ ತೊಗರಿ ಧೂಳೇಳುತ್ತದೆ. ಎಲ್ಲರೂ ಸೀನುತ್ತಾ ಮಗ್ಗಿ ಹೇಳುತ್ತಾರೆ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ಹಾಜರಿಪಟದ ಮೇಲೆ ನಲವತ್ತು ಹೆಸರು ಇದ್ದರೆ ಮಾತ್ರ ತುಕಡಿಗೆ ಸರಕಾರದ ಅನುದಾನ ಸಿಗುತ್ತದೆ. ಖರೇ ಅಂದರೆ ಬಂದಿರುವವರು ಇಪ್ಪತ್ಮೂರು. ಸುಗಂಧಾ ಈ ವರ್ಷ ನಾಲ್ಕನೆಯ ಇಯತ್ತೆ ಪಾಸಾಗಿದ್ದಾಳಲ್ಲ, ಅವಳ ಶಾಲೆ ಬಿಟ್ಟ ದಾಖಲಾ ಕೂಡಲೇ ಟಪಾಲಿನಲ್ಲಿ ಕಳಿಸು. ಹೆಸರು ಹಚ್ಚಿಬಿಡುತ್ತೇನೆ. ಮನೆಯಲ್ಲಿ ನೀರಿನ ವ್ಯವಸ್ಥೆಯಾದ ದಿನವೇ ಬಂದು ಅವಳನ್ನು ಕರೆತರುತ್ತೇನೆ. ನನ್ನ ಮನೆಯಲ್ಲೇ ಇದ್ದು ಮ್ಯಾಟ್ರಿಕ್‌ವರೆಗೆ ಓದಲಿ. ಭಾವ ತೀರಿಕೊಂಡ ದಿನ ನಾನು ಕೊಟ್ಟ ಮಾತು ನನಗೆ ನೆನಪಿದೆ.

ನಿನ್ನ ತಮ್ಮ
ವೀರಭದ್ರ


ತುರೋರಿ
೨೫ ಜೂನ್ ೧೯೮೫

ತಮ್ಮ ವೀರಭದ್ರನಿಗೆ ಕಾಂತಾಬಾಯಿಯ ಆಶೀರ್ವಾದ. ಬರೆಯುತ್ತಿರುವವನು ಭೀಮಶಾ.

ನೀನು ಮಾಸ್ತರನಾದ ಸುದ್ದಿ ಕೇಳಿ ನಿಂತಲ್ಲೇ ಕೈ ಮುಗಿದೆ. ಚಹಾ ಕಾಯಿಸುತ್ತಿದ್ದೆ, ಉಕ್ಕಿ ಒಲೆಗೆ ಹೋಯಿತು, ಹೋಗಲಿ. ಅಂಗಡಿಗೆ ಚಹಾಕ್ಕೆ ಬರುವ ಲಾರಿಯವರಿಗೆಲ್ಲ ಹೇಳಿದೆ. ಒಬ್ಬ ಹೈದರಾಬಾದಿನ ಡ್ರೈವರ ಅಂದ, "ಬಾಯಿ, ಮಾಸ್ತರನ ಅಕ್ಕ ಆದ್ರಿ ಅಂತ ಚಹಾದ ರೇಟ ಏರಿಸಬ್ಯಾಡ್ರಿ." ಈಗ ಹಾದಿಯ ಮೇಲೆ ಚಹಾ ಕೇಳುವವರಿಗಿಂತ ನೀರು ಕೇಳುವವರೇ ಹೆಚ್ಚು.

ದಾಖಲಾ ಈ ಲಕೋಟೆಯಲ್ಲಿದೆ. ಉಮರಗಾ ಶಾಲೆಯ ಹೆಡಮಾಸ್ತರು ಹೋದ ವಾರವೇ ಅದನ್ನು ಕೇಳಿದ್ದರು. "ಹುಡುಗಿ ಶಾಣ್ಯಾಕಿ ಅದಾಳ, ನಮ್ಮಲ್ಲಿ ಹಚ್ಚವ್ವ" ಅಂದರು. ನನ್ನ ತಮ್ಮನದೇ ಶಾಲೆ ಇದೆ, ನಿಮ್ಮ ಶಾಲೆ ನಮಗೆ ಯಾಕೆ ಬೇಕು ಅಂತ ದಿಮಾಕಿನಿಂದ ಹೇಳಿ ಬಂದೆ. ಅವರು ನಕ್ಕರು. ಬಸ್ಸಿನ ಪಾಸಿನ ಖರ್ಚೂ ಉಳಿಯಿತು ಬಿಡು.

ಹಿಟ್ಟಿನ ಚೀಲ ಒಗೆದು ಅವಳಿಗೆ ಪಾಟಿ ಚೀಲ ಹೊಲಿದಿದ್ದೇನೆ. ಈಗಿನಿಂದಲೇ ಹೆಗಲಿಗೆ ಹಾಕಿಕೊಂಡು ಟ್ಯಾಂಕರಿನ ಪಾಳಿಗೆ ನಿಲ್ಲುತ್ತಾಳೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತ ನೆರೆಯ ಸರುಬಾಯಿ ನಗುತ್ತಾಳೆ. ನಾಗರ ಪಂಚಮಿ ಮುಗಿದ ಮರುದಿನ ಬಂದು ಕರೆದುಕೊಂಡು ಹೋಗು.

ಕಾಕಾನ ಕಣ್ಣಿಗೆ ಪೊರೆ ಬಂದಿದೆ. ಸಾಲುಗಳು ಹತ್ತಿ ಇಳಿದಿದ್ದರೆ ಹೊಂದಿಸಿಕೊಂಡು ಓದು.

ಕಾಂತಾಬಾಯಿ


ಉದಗೀರ
೩ ಸೆಪ್ಟೆಂಬರ್ ೧೯೮೫

ಅಕ್ಕನಿಗೆ ಶರಣು.

ಪಂಚಮಿಗೆ ಬರಲಿಲ್ಲವೆಂದು ಸಿಟ್ಟಾಗಿರುತ್ತೀ. ಇಲ್ಲಿ ನಳ ಎಂಟು ದಿನಕ್ಕೊಮ್ಮೆ ಬರುತ್ತದೆ. ನಾವಿರುವುದು ಒಂದೇ ಕೋಲಿಯ ಮನೆಯಲ್ಲಿ. ಲಲಿತಾಳಿಗೆ ಮೈಯಲ್ಲಿ ಸ್ವಸ್ಥವಿಲ್ಲ, ಆದರೂ ಬಜಾರಿನವರ ಕುಪ್ಪಸ ಹೊಲಿಯುತ್ತಾಳೆ. ಸುಮ್ಮನೆ ಕೂತರೆ ಬೇಸರವಂತೆ.

ಸುಗಂಧಾಳ ಹೆಸರು ಪಟದ ಮೇಲೆ ನಲವತ್ತನೆಯದು. ದಿನಾಲು ಹಾಜರಿ ಹಾಕುತ್ತಿದ್ದೇನೆ, ಚಿಂತೆ ಬೇಡ. ಅದರ ಪದ್ಧತಿ ಹೇಳಿದರೆ ನೀನು ನಗುತ್ತೀ. ಇರುವ ಹುಡುಗರಿಗೆ ಇಲ್ಲದವರ ಹೆಸರುಗಳನ್ನು ಹಂಚಿಕೊಟ್ಟಿದ್ದೇವೆ. ತನ್ನ ಹೆಸರಿಗೂ ಹಾಜರ್ ಅನ್ನಬೇಕು, ಕೊಟ್ಟ ಹೆಸರಿಗೂ ಅನ್ನಬೇಕು. ನಾಳೆ ದೊಡ್ಡ ಸಾಹೇಬರು ಫಕ್ಕನೆ ಬಂದರೆ ತಡವರಿಸಬಾರದೆಂದು ರೂಢಿ ಮಾಡಿಸಿದ್ದು. ನಿನ್ನ ಮಗಳ ಹೆಸರು ರಂಭಾ ಎಂಬ ಹುಡುಗಿಯ ಪಾಲಿಗೆ ಬಂದಿದೆ. ಚುರುಕಿನ ಹುಡುಗಿ. "ಸುಗಂಧಾ" ಅನ್ನುವುದೇ ತಡ, "ಹಾಜರ್ ಸರ್" ಅಂತ ಗೋದಾಮು ಅದುರುವಂತೆ ಕೂಗುತ್ತಾಳೆ.

ಈ ತಿಂಗಳೂ ಪಗಾರ ಪುಸ್ತಕದಲ್ಲಿ ಸಹಿ ಮಾಡಿದೆ. ದೀಪಾವಳಿ ನಂತರ ನೋಡೋಣ.

ವೀರಭದ್ರ


ತುರೋರಿ
೨೦ ಜನವರಿ ೧೯೮೬

ತಮ್ಮ ವೀರಭದ್ರನಿಗೆ ಅಕ್ಕನ ಆಶೀರ್ವಾದ.

ದೀಪಾವಳಿ ಹೋಯಿತು. ಸಂಕ್ರಾಂತಿಯೂ ಹೋಯಿತು. ಎಳ್ಳು ಬೆಲ್ಲ ಕಳಿಸಿದ್ದೆ, ಮುಟ್ಟಿತೋ ಇಲ್ಲವೋ ನೀನು ಬರೆಯಲಿಲ್ಲ.

ಪ್ರತಿ ತಿಂಗಳು ಪಗಾರದ ಸಹಿ ಮಾಡುವವನು ಸೋದರ ಸೊಸೆಗೆ ಒಂದು ಪುಸ್ತಕ ಕಳಿಸಲಿಲ್ಲ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಪಾಟಿ ಚೀಲ ಗೂಟಕ್ಕೆ ತೂಗುತ್ತಿದೆ. ಹುಡುಗಿ ಮುಂಜಾನೆ ಟ್ಯಾಂಕರಿಗೆ ಹೋಗುತ್ತಾಳೆ, ಮಧ್ಯಾಹ್ನ ಕಪ್ಪು ಬಶಿ ತೊಳೆಯುತ್ತಾಳೆ. ನೀರು ಉಳಿಸಲು ಬೂದಿಯಿಂದ ತಿಕ್ಕಿ ಒಂದೇ ಬುಟ್ಟಿಯಲ್ಲಿ ಅದ್ದಿ ತೆಗೆಯುವುದನ್ನು ಕಲಿತಿದ್ದಾಳೆ.

ನಿನಗೆ ತೊಂದರೆ ಇದ್ದರೆ ಇರಲಿ. ದಾಖಲಾ ಒಂದನ್ನು ಮರಳಿ ಕಳಿಸು. ಜೂನಿನಲ್ಲಿ ಉಮರಗಾ ಶಾಲೆಗೆ ಹಚ್ಚುತ್ತೇನೆ. ದಾಖಲಾ ಇಲ್ಲದೆ ಆಗುವುದಿಲ್ಲ ಅಂತ ಹೆಡಮಾಸ್ತರು ಹೇಳಿದರು. ಈ ಸಲ ಅವರು ನಗಲಿಲ್ಲ.

ಕಾಂತಾಬಾಯಿ


ಉದಗೀರ
೩೦ ಏಪ್ರಿಲ್ ೧೯೮೬

ಅಕ್ಕನಿಗೆ ಶರಣು.

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗೆಲ್ಲ ಪೆನ್ನಿನ ಮೊನೆ ಒಣಗುತ್ತಿತ್ತು ಎಂದುಕೋ.

ಮೊದಲು ಸಿಹಿ ಸುದ್ದಿ. ಸುಗಂಧಾ ಐದನೆಯ ಇಯತ್ತೆ ಪಾಸಾದಳು. ತುಕಡಿಗೆ ಎರಡನೆಯ ನಂಬರು. ಅಂಕ ಹಾಕುವುದು ನನ್ನ ಕೈಯಲ್ಲೇ ಇತ್ತು. ಸೋದರಮಾವನಾಗಿ ಮೊದಲನೆಯ ನಂಬರು ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಎರಡನೆಯದು ಕೊಟ್ಟೆ.

ಭೀಮಶಾ ಕಾಕಾ, ಇಲ್ಲಿಂದ ಮುಂದಿನದನ್ನು ಅಕ್ಕನಿಗೆ ಮಾತ್ರ ಓದಿ ಹೇಳು. ಹುಡುಗಿ ಹತ್ತಿರ ಕೂತಿದ್ದರೆ ಎಬ್ಬಿಸಿ ಕಳಿಸು.

ದಾಖಲಾ ಮರಳಿ ಕೊಡಲು ಬರುವುದಿಲ್ಲ ಅಕ್ಕ. ಕೊಟ್ಟರೆ ಪಟದ ಮೇಲೆ ಮೂವತ್ತೊಂಬತ್ತು ಉಳಿಯುತ್ತದೆ. ಒಂದು ಹೆಸರು ಇಳಿದರೆ ತುಕಡಿ ಹೋಯಿತು, ತುಕಡಿ ಹೋದರೆ ನಾನು ಹೋದೆ. ಮಕ್ಕಳನ್ನು ಹುಡುಕಿಕೊಂಡು ದೇವಣಿ, ವಲಾಂಡಿ ಎಲ್ಲ ಸುತ್ತಿ ಬಂದೆ. ಅಲ್ಲಿಯ ಸಂಸ್ಥೆಗಳವರು ನಮಗಿಂತ ಮೊದಲೇ ಬಂದು ದಾಖಲಾ ಒಯ್ದಿದ್ದಾರೆ. ಒಂದು ಮನೆಯಲ್ಲಿ ದಾಖಲಾಕ್ಕೆ ಬದಲಾಗಿ ಸ್ಟೀಲಿನ ಕೊಡ ಕೊಟ್ಟಿದ್ದರು. ನೀನು ನನ್ನಿಂದ ಏನೂ ಕೇಳದೆ ಕೊಟ್ಟೆ. ಅನುದಾನ ಸಿಗುವವರೆಗೆ ತಡೆದುಕೋ. ಬರುವ ವರ್ಷ ಅವಳನ್ನು ಖಂಡಿತ ಕೂಡಿಸುತ್ತೇನೆ. ಈಗ ಅವಳು ಆರನೆಯ ಇಯತ್ತೆ.

ಒಂದು ಮಾತು. ಕಾಕಾನ ಅಕ್ಷರ ಬಹಳ ಸುಧಾರಿಸಿದೆ. ಸಾಲುಗಳೂ ನೆಟ್ಟಗೆ ಬರುತ್ತಿವೆ. ಪೊರೆ ತೆಗೆಸಿದನೇ? ನನ್ನ ಶರಣು ಹೇಳು.

ವೀರಭದ್ರ


ತುರೋರಿ
೧೮ ಮೇ ೧೯೮೬

ತಮ್ಮ ವೀರಭದ್ರನಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಪಾಸಾದದ್ದಕ್ಕೆ ಓಣಿಯಲ್ಲಿ ಬೆಲ್ಲ ಹಂಚಿದೆ. "ಯಾವಾಗ ಹೋಗಿದ್ಳು, ಯಾವಾಗ ಬಂದ್ಳು?" ಅಂತ ಸರುಬಾಯಿ ಕೇಳಿದಳು. ಬೆಲ್ಲ ತಿಂದು ಹೋದಳು.

ಇಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಭಾವಿಯಲ್ಲಿ ಕೆಸರು ಇದೆ. ಟ್ಯಾಂಕರು ಎರಡು ದಿನಕ್ಕೊಮ್ಮೆ ಬರುತ್ತದೆ.

ಕಾಂತಾಬಾಯಿ


ಉದಗೀರ
೯ ಫೆಬ್ರವರಿ ೧೯೮೭

ಅಕ್ಕನಿಗೆ ಶರಣು.

ಅವಸರದಲ್ಲಿ ಬರೆಯುತ್ತಿದ್ದೇನೆ. ಇದೇ ಹದಿನೆಂಟಕ್ಕೆ ಅನುದಾನದ ತಪಾಸಣೆ ಇದೆ. ಸಾಹೇಬರು ಒಂದೊಂದೇ ತಲೆ ಎಣಿಸುತ್ತಾರೆ. ರಂಭಾಳಿಗೆ ಎರಡು ಗಂಟಲು ಇರಬಹುದು, ತಲೆ ಒಂದೇ. ಸುಗಂಧಾಳನ್ನು ಹದಿನೇಳರ ಮುಂಜಾನೆ ನಿಲಂಗಾ ಬಸ್ಸಿಗೆ ಹತ್ತಿಸು. ನಿಲಂಗಾ ಸ್ಟ್ಯಾಂಡಿನಲ್ಲಿ ನಾನು ನಿಂತಿರುತ್ತೇನೆ. ಅಂಗಿ, ಸ್ಕರ್ಟು ಸಂಸ್ಥೆಯವರೇ ಕೊಡುತ್ತಾರೆ.

ಇದೊಂದು ಸಲ ನನ್ನನ್ನು ಪಾರು ಮಾಡು.

ವೀರಭದ್ರ


ಉದಗೀರ
೨೧ ಫೆಬ್ರವರಿ ೧೯೮೭

ಅಕ್ಕನಿಗೆ ಶರಣು.

ತಪಾಸಣೆ ಸುಸೂತ್ರವಾಗಿ ಮುಗಿಯಿತು. ನಲವತ್ತೂ ತಲೆ ಸಿಕ್ಕವು. ಸಾಹೇಬರು ಸುಗಂಧಾಳ ಹೆಸರು ಹಿಡಿದು ಪಾಠ ಓದಿಸಿದರು. ಓದಿನಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ. ಸಾಹೇಬರು ಶಾಬ್ಬಾಸ್ ಅಂದರು. ಶೇಟರು ಹುಡುಗರಿಗೆಲ್ಲ ಪೇಡೆ ಹಂಚಿದರು.

ಹುಡುಗಿ ಸರಿಯಾಗಿ ಮನೆ ಮುಟ್ಟಿದಳಷ್ಟೆ? ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿ ನೋಡಲಿಲ್ಲ. ಪ್ರಯಾಣದ ದಣಿವಿರಬೇಕು.

ವೀರಭದ್ರ


ತುರೋರಿ
೫ ಮಾರ್ಚ್ ೧೯೮೭

ತಮ್ಮ ವೀರಭದ್ರನಿಗೆ ಆಶೀರ್ವಾದ.

ಹುಡುಗಿ ಮುಟ್ಟಿದಳು. ಹೋಗುವಾಗ ಒಯ್ದ ಪಾಟಿ ಚೀಲ ಖಾಲಿ ಬಂತು. ಪುಸ್ತಕ ಕೊಟ್ಟಿದ್ದರಂತೆ, ಸಂಜೆ ಅಂಗಿಯ ಜೊತೆ ಅದನ್ನೂ ಮರಳಿ ತೆಗೆದುಕೊಂಡರಂತೆ. ಶಾಲೆ ಹೇಗಿತ್ತು ಅಂತ ಕೇಳಿದೆ. "ತೊಗರಿ ವಾಸನಿ ಬರ್ತದ" ಅಂದಳು.

ಸಾಹೇಬರು ಶಾಬ್ಬಾಸ್ ಅಂದದ್ದು ಕೇಳಿ ನನಗೆ ಸಂತೋಷವಾಯಿತು.

ಇನ್ನು ಮೇಲೆ ಬರೆಯುವುದಕ್ಕೆ ಏನಾದರೂ ಇದ್ದರೆ ಬರೆಯುತ್ತೇನೆ.

ಕಾಂತಾಬಾಯಿ


ಉದಗೀರ
೬ ಜೂನ್ ೧೯೮೮

ಅಕ್ಕನಿಗೆ ವೀರಭದ್ರನ ಶರಣು.

ಹದಿನೈದು ತಿಂಗಳಾಯಿತು. ನಾನು ಮೂರು ಸಲ ಬರೆದೆ, ನೀನು ಉತ್ತರ ಕೊಡಲಿಲ್ಲ. ಕಾಕಾನ ಕಣ್ಣು ಪೂರ್ತಿ ಹೋಗಿರಬೇಕು ಎಂದುಕೊಂಡೆ.

ಅನುದಾನ ಮಂಜೂರಾಯಿತು. ನಿನ್ನೆ ಮೊದಲ ಪಗಾರ ಕೈಗೆ ಬಂತು. ಹೌದು, ಮೊದಲನೆಯದು. ಮೂರು ವರ್ಷ ತಿಂಗಳಾ ತಿಂಗಳಾ ಸಹಿ ಮಾಡಿದೆ, ಒಂದು ದಮ್ಮಡಿ ಕಾಣಲಿಲ್ಲ. ಸಹಿ ಮಾಡಿದೆ ಎಂದು ನಿನಗೆ ಬರೆದದ್ದು ಸುಳ್ಳಲ್ಲ, ಅಷ್ಟೇ. ಲಲಿತಾಳ ಬಂಗಾರದ ಪಾಟಲಿ ಸಂಸ್ಥೆಯ ಕಟ್ಟಡದ ಫಂಡಿಗೆ ಹೋದ ಮೇಲೆಯೇ ನನಗೆ ಈ ಕೆಲಸ ಸಿಕ್ಕದ್ದು. ಅವಳು ಕುಪ್ಪಸ ಹೊಲಿದದ್ದು ಬೇಸರ ಕಳೆಯಲು ಅಲ್ಲ. ನಿನಗೆ ಹೇಳಲು ನಾಚಿಕೆಯಾಯಿತು. ಹಣಮಪ್ಪ ಹಗ್ಗ ತಿನ್ನುವಾಗ ಪೂಜಾರಿ ಶ್ಯಾವಿಗೆ ಬೇಡಿದ ಅನ್ನುವ ಗಾದೆಯ ಹಾಗೆ ನೀನು ನನ್ನನ್ನು ಕೇಳುತ್ತಿದ್ದೆ.

ನೋಟು ಕೈಯಲ್ಲಿ ಹಿಡಿದಾಗ ಏನಾದರೂ ಅನಿಸಬಹುದು ಎಂದುಕೊಂಡಿದ್ದೆ. ಏನೂ ಅನಿಸಲಿಲ್ಲ. ಲಲಿತಾ ಅದನ್ನು ದೇವರ ಜಗಲಿಯ ಮೇಲಿಟ್ಟು ರೊಟ್ಟಿ ಬಡಿಯಲು ಹೋದಳು.

ಇಂದು ಶೇಟರ ಹತ್ತಿರ ಹೋಗಿ ಕೇಳಿದೆ, ಸೋದರ ಸೊಸೆಯನ್ನು ಈಗ ಖರೇನೇ ಕೂಡಿಸುತ್ತೇನೆ, ಐದರಿಂದ ಓದಲಿ ಎಂದು. ಅವರು ಸಿಟ್ಟಾಗಲಿಲ್ಲ. ಸಮಾಧಾನದಿಂದಲೇ ಹೇಳಿದರು: "ಒಮ್ಮಿ ತೂಕ ಆದ ಮಾಲು ಮತ್ತ ಕಾಟಾದ ಮ್ಯಾಲ ಏರಂಗಿಲ್ಲ ಮಾಸ್ತರ. ಪಟದಾಗ ಆಕಿ ಏಳನೇತ್ತಾ ಪಾಸ ಆಗ್ಯಾಳ. ಐದರಾಗ ಮತ್ತ ಹ್ಯಾಂಗ ಕೂಡ್ತಾಳ? ಇದು ಹೊರಗ ಬಂದ್ರ ನಿನ್ನ ಪಗಾರನೂ ಹೋಗ್ತದ, ನನ್ನ ಶಾಳಾನೂ ಹೋಗ್ತದ." ಮಾತು ಖರೇನೇ ಇತ್ತು. ಎದ್ದು ಬಂದೆ.

ಆದ್ದರಿಂದ ದಾಖಲಾ ಕಳಿಸುತ್ತಿದ್ದೇನೆ. ಸುಗಂಧಾ, ಏಳನೆಯ ಇಯತ್ತೆ ಉತ್ತೀರ್ಣ. ನಡತೆ: ಉತ್ತಮ. ಶಾಲೆ ಬಿಡಲು ಕಾರಣ: ಪಾಲಕರ ಇಚ್ಛೆ. ಕಾರಣದ ಕಲಮು ಖಾಲಿ ಬಿಡುವ ಹಾಗಿಲ್ಲ, ಏನಾದರೂ ಬರೆಯಲೇಬೇಕಿತ್ತು. ದಾಖಲಾ ಸುಮ್ಮನೆ ಮೂಲೆಗೆ ಹಾಕಬೇಡ. ಏಳನೆಯ ಇಯತ್ತೆ ಪಾಸಾದ ಕಾಗದಕ್ಕೆ ಮುಂದೆ ಬಾಲವಾಡಿಯ ಕೆಲಸವಾದರೂ ಸಿಗುತ್ತದೆ. ಜನರು ಇದಕ್ಕಾಗಿ ಹೊಲ ಮಾರುತ್ತಾರೆ. ನಿನಗೆ ಪುಕ್ಕಟೆ ಬಂತು ಎಂದುಕೋ.

ಹುಡುಗಿಗೆ ಏನು ಹೇಳುವುದೋ ನೀನೇ ಯೋಚಿಸಿ ಹೇಳು.

ವೀರಭದ್ರ


ತುರೋರಿ
೧೫ ಜೂನ್ ೧೯೮೮

ವೀರಭದ್ರ ಮಾಮಾನಿಗೆ ಸುಗಂಧಾ ಮಾಡುವ ಶರಣು.

ನಿನ್ನ ಕಾಗದ ಮುಟ್ಟಿತು. ಅವ್ವನಿಗೆ ಓದಿ ಹೇಳಿದೆ. ಈ ಉತ್ತರವನ್ನು ಅವ್ವ ಹೇಳಿ ಬರೆಸಿದ್ದಲ್ಲ, ನಾನೇ ಬರೆಯುತ್ತಿದ್ದೇನೆ.

ಭೀಮಶಾ ಕಾಕಾ ನಿನಗೆ ಬರೆದದ್ದು ಒಂದೇ ಕಾಗದ. ಆ ಮಳೆಗಾಲದಲ್ಲೇ ಅವನ ಕಣ್ಣು ಹೋದವು. ಆಮೇಲಿನ ಕಾಗದಗಳನ್ನೆಲ್ಲ ನಾನೇ ಬರೆದೆ. "ಪತ್ರದಾಗ ಪುಸ್ತಕದ ಭಾಷಾ ಇರಬೇಕವ್ವ, ಬಾಯಾಗಿಂದು ಬರೀಬಾರದು" ಅಂತ ಕಾಕಾ ಕಟ್ಟೆಯ ಮೇಲೆ ಕೂತು ಕಲಿಸಿದ. ಈಗಲೂ ಅಡ್ಡಾದಿಡ್ಡಿ ಬರೆದರೆ ಓದಿಸಿ ಕೇಳಿ ತಿದ್ದಿಸುತ್ತಾನೆ. ಅಕ್ಷರ ಸುಧಾರಿಸಿದೆ ಅಂತ ನೀನು ಬರೆದ ದಿನ ನನಗೆ ಬಹಳ ಖುಷಿಯಾಗಿತ್ತು. ಅದು ನನಗೇ ಅಂದದ್ದು ಅಂತ ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಿನ್ನ ಕಾಗದಗಳನ್ನು ಓದುತ್ತಿದ್ದವಳೂ ನಾನೇ. ಹುಡುಗಿ ಹತ್ತಿರ ಕೂತಿದ್ದರೆ ಎಬ್ಬಿಸಿ ಕಳಿಸು ಅಂತ ಬರೆದಿದ್ದೆಯಲ್ಲ, ಆ ಸಾಲು ಬಿಟ್ಟು ಮುಂದಿನದನ್ನು ಓದಿದೆ. ಅವ್ವನಿಗೆ ಅದು ಗೊತ್ತಿಲ್ಲ. ಅವ್ವ ನಿನಗೆ ಬೈದ ಬೈಗುಳವನ್ನೂ ನಾನು ಬರೆಯಲಿಲ್ಲ. ಅದಕ್ಕೇ ನಮ್ಮ ಕಾಗದಗಳು ಸಣ್ಣ ಇರುತ್ತಿದ್ದವು.

ತಪಾಸಣೆಯ ದಿನದ ಮಾತು ಅವ್ವನಿಗೆ ಇನ್ನೂ ಹೇಳಿಲ್ಲ. ನಿನಗಷ್ಟೇ ಬರೆಯುತ್ತೇನೆ, ನಿನಗೂ ಅದು ಗೊತ್ತೇ ಇದೆ. ಸಾಹೇಬರು ಪಟವನ್ನು ಕೆಳಗಿನ ಹೆಸರಿನಿಂದ ಹಿಡಿದು ಮೊದಲಿಗೆ "ಸುಗಂಧಾ" ಅಂದರು. ನಾನು "ಹಾಜರ್ ಸರ್" ಅಂದೆ. ರಂಭಾನೂ ರೂಢಿಯ ಮೇಲೆ "ಹಾಜರ್ ಸರ್" ಅಂದುಬಿಟ್ಟಳು. ಇಬ್ಬರೂ ಎದ್ದು ನಿಂತೆವು. ಸಾಹೇಬರು ಕನ್ನಡಕ ತೆಗೆದು "ಸುಗಂಧಾ ಕೋಣ್?" ಅಂತ ಮರಾಠಿಯಲ್ಲಿ ಕೇಳಿದರು, ನಿಮ್ಮಲ್ಲಿ ಸುಗಂಧಾ ಯಾರು ಅಂತ. ಅವರ ಕೈಯಲ್ಲಿ ಪುಸ್ತಕವಿತ್ತು, ಓದಿಸುವವರಿದ್ದರು. ನೀನು ನನ್ನ ಮುಖ ನೋಡಿದೆ. ಆಮೇಲೆ ರಂಭಾಳ ಕಡೆ ಕೈ ಮಾಡಿ "ಆಕಿ ಸುಗಂಧಾ ರೀ ಸಾಹೇಬರ" ಅಂದೆ. ನನಗೆ "ನೀ ಕೂಡು ರಂಭಾ, ನಿನ್ನ ಹೆಸರು ಇನ್ನೂ ಕರದಿಲ್ಲ" ಅಂದೆ. ನಾನು ಕೂತೆ. ರಂಭಾ ಓದಿದಳು.

ನನಗೆ ಓದಲು ಬರುವುದಿಲ್ಲ ಅಂತ ನೀನು ಹಾಗೆ ಮಾಡಿದೆ. ಆ ಪಾಠ ನನಗೆ ಬರುತ್ತಿತ್ತು ಮಾಮಾ. ಅದರೊಳಗೆ ನಿನ್ನ ಕಾಗದದಷ್ಟು ಕಠಿಣ ಶಬ್ದಗಳು ಇರಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ "ನಾಳಿನೂ ಕೂಡ್ಲೇನು ಮಾಮಾ?" ಅಂತ ಕೇಳಿದೆ. ನೀನು ಶೇಂಗಾ ಕೊಡಿಸಿದೆ. ನನಗೆ ಆವತ್ತು ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಅವ್ವ ಏನಾದರೂ ಬರೆಯಲು ಹೇಳಿದರೆ ಹಾಳಿ ಮುಗಿದಿದೆ ಅಂತ ಹೇಳುತ್ತಾ ಬಂದೆ. ಅದಕ್ಕೇ ನಿನಗೆ ಉತ್ತರ ಬರಲಿಲ್ಲ. ಕಾಕಾನ ಕಣ್ಣಿನದು ತಪ್ಪಿಲ್ಲ.

ಈ ವರ್ಷ ಮಿರಗದ ಮಳೆ ಚೆನ್ನಾಗಿ ಬಂದಿದೆ. ಟ್ಯಾಂಕರು ನಿಂತಿದೆ. ನೀರಿಗೆ ನಾನು ಬೇಕಾಗಿಲ್ಲ. ನಿನ್ನ ದಾಖಲಾ ತೆಗೆದುಕೊಂಡು ನಿನ್ನೆ ಅವ್ವ, ನಾನು ಉಮರಗಾ ಶಾಲೆಗೆ ಹೋಗಿದ್ದೆವು. ಐದನೆಯ ಇಯತ್ತೆಗೆ ಕೂಡಿಸಿರಿ ಅಂತ ಅವ್ವ ಕೇಳಿದಳು. ಹೆಡಮಾಸ್ತರು ದಾಖಲಾ ಎರಡು ಸಲ ಓದಿ ನನ್ನ ಕಡೆ ನೋಡಿದರು. "ಏಳು ಪಾಸ ಆದಾಕಿನ್ನ ಐದಕ್ಕ ಕೂಡಸ್ಲಾಕ ಬರಂಗಿಲ್ಲವ್ವ. ಕಾಗದ ಹ್ಯಾಂಗ ಹೇಳ್ತದ ಹಾಂಗ. ಕೂಡೂದಿದ್ರ ಎಂಟಕ್ಕ" ಅಂದರು. ಅವ್ವ ನನ್ನ ಮುಖ ನೋಡಿದಳು. ನಾನು ಎಂಟಕ್ಕೆ ಕೂಡುತ್ತೇನೆ ಅಂದೆ. ಹೆಸರು ಬರೆದುಕೊಂಡಿದ್ದಾರೆ. ಅವ್ವ ಗೂಟದ ಮೇಲಿನ ಪಾಟಿ ಚೀಲ ಒಗೆದು ಹಾಕಿದ್ದಾಳೆ, ಮೋಡಕ್ಕೆ ಇನ್ನೂ ಒಣಗಿಲ್ಲ.

ನೀನು ನನಗೆ ಎರಡನೆಯ ನಂಬರು ಕೊಟ್ಟಿದ್ದೆ. ಮೊದಲನೆಯ ನಂಬರು ಯಾರದು? ಅವರು ಖರೇನೇ ಇದ್ದಾರೋ ಅಥವಾ ಅವರೂ ನನ್ನ ಹಾಗೆಯೋ?

ಸೋಮವಾರ ಶಾಲೆ ಶುರುವಾಗುತ್ತದೆ. ಯಾರಾದರೂ ಕೇಳಿದರೆ ನನಗೆ ಹೇಳಲು ಬರಬೇಕು. ಅದಕ್ಕೇ ಈ ಕಾಗದ. ಐದು, ಆರು, ಏಳನೆಯ ಇಯತ್ತೆಯಲ್ಲಿ ನಾನು ಯಾವ ಯಾವ ಪಾಠ ಓದಿದ್ದೇನೆ, ಬರೆದು ಕಳಿಸು ಮಾಮಾ.

ಸುಗಂಧಾ